ಇಂಗ್ಲೆಂಡಿನ ಪ್ರೆಪ್ ಶಾಲೆ ಮಕ್ಕಳನ್ನು ಸೀನಿಯರ್ ಶಾಲೆಗೆ ಹೇಗೆ ಅಣಿಗೊಳಿಸುತ್ತದೆ? 11ಕ್ಕೆ ಬಿಡಿಸಬೇಕೇ, 13ರವರೆಗೆ ಓದಿಸಬೇಕೇ?

ರೆಡಿಂಗ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಿಂದ ಇಲ್ಲಿಗೆ ಬಂದು ನೆಲೆಸಿರುವ ಕುಟುಂಬ. ಮಗಳು ಇಲ್ಲಿನ ಸರಕಾರಿ ಪ್ರೈಮರಿ ಶಾಲೆಯಲ್ಲಿ ಇಯರ್ 5ರಲ್ಲಿದ್ದಾಳೆ, ಮಗ ಇಯರ್ 3ರಲ್ಲಿದ್ದಾನೆ. ಯಜಮಾನರ ಸಹೋದ್ಯೋಗಿಗಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಪ್ರೆಪ್ ಶಾಲೆಗೆ (ಹೈಸ್ಕೂಲು ಮಟ್ಟದ ಸೀನಿಯರ್ ಶಾಲೆಗೆ ಅಣಿಗೊಳಿಸುವ ಖಾಸಗಿ ಶಾಲೆಗೆ) ಹಾಕಿರುವುದರಿಂದ ನಾವೂ ಒಂದು ಶಾಲೆಯನ್ನು ನೋಡಿಕೊಂಡು ಬಂದೆವು. ಅಲ್ಲಿನ ಮುಖ್ಯೋಪಾಧ್ಯಾಯರು ಮಕ್ಕಳನ್ನು ಸೀನಿಯರ್ ಶಾಲೆಗೆ ಸಿದ್ಧಪಡಿಸುವುದೇ ತಮ್ಮ ಮುಖ್ಯ ಕೆಲಸವೆಂದು ಮತ್ತೆ ಮತ್ತೆ ಹೇಳಿದರು. ಆದರೆ ಆ ಸಿದ್ಧತೆ ದಿನನಿತ್ಯದ ಪಾಠದಲ್ಲಿ ಯಾವ ರೂಪದಲ್ಲಿರುತ್ತದೆ ಎಂಬುದು, ಒಂದು ಗಂಟೆ ಶಾಲೆಯನ್ನೆಲ್ಲ ಸುತ್ತಾಡಿದರೂ, ನನಗೆ ಸ್ಪಷ್ಟವಾಗಲಿಲ್ಲ. ನಮ್ಮಲ್ಲಿ ಏಳನೆಯ ತರಗತಿ ಮುಗಿದರೆ ಟಿ.ಸಿ. ತೆಗೆದುಕೊಂಡು ಹೈಸ್ಕೂಲಿಗೆ ಸೇರಿಸುತ್ತಿದ್ದರೇ ಹೊರತು, ಅದಕ್ಕೆಂದೇ ಬೇರೆ ಬಗೆಯ ಶಾಲೆ ಇರಬಹುದೆಂದು ನಾವು ಯೋಚಿಸಿದವರೇ ಅಲ್ಲ.

ಅಲ್ಲಿ ನಿಜವಾಗಿ ನಡೆಯುವುದೇನು, ಅಷ್ಟು ಹಣ ಕೊಟ್ಟು ಓದಿಸುವುದರಲ್ಲಿ ಅರ್ಥವಿದೆಯೇ, ಮತ್ತು ಇಬ್ಬರು ಮಕ್ಕಳಿಗೂ ಒಂದೇ ತೀರ್ಮಾನ ಹೊಂದುತ್ತದೆಯೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಗಣಿತದ ಮೇಷ್ಟ್ರು

ನಮಸ್ಕಾರ ಮೇಡಂ. ನಾನು ಬರ್ಕ್‌ಷೈರ್ ಜಿಲ್ಲೆಯ ಒಂದು ಪ್ರೆಪ್ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹೀಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದೇ ಇರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಮೊದಲು ವಯಸ್ಸಿನ ಲೆಕ್ಕವನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲಿಯೇ ಇದೆ. ಇಲ್ಲಿನ ಸರಕಾರಿ ವ್ಯವಸ್ಥೆಯಲ್ಲಿ ಮಗು ಇಯರ್ 6 ಮುಗಿಸಿ 11ನೆಯ ವಯಸ್ಸಿಗೆ ಸೆಕೆಂಡರಿ ಶಾಲೆಗೆ ಹೋಗುತ್ತದೆ. ಹಳೆಯ ಮಾದರಿಯ ಪ್ರೆಪ್ ಶಾಲೆಯಾದರೋ 7 ಅಥವಾ 8ರಿಂದ 13ರವರೆಗೆ, ಅಂದರೆ ಇಯರ್ 8ರ ಕೊನೆಯವರೆಗೆ ಮಕ್ಕಳನ್ನು ಇಟ್ಟುಕೊಳ್ಳುತ್ತದೆ. 7ಕ್ಕಿಂತ ಚಿಕ್ಕವರಿಗೆ ಅಲ್ಲಿಯೇ ಪ್ರೀ-ಪ್ರೆಪ್ ಇರುತ್ತದೆ. ಇದಕ್ಕೆ ಕಾರಣ ಈಟನ್, ಹ್ಯಾರೋ, ವಿಂಚೆಸ್ಟರ್, ರ‍್ಯಾಡ್ಲಿಯಂಥ ಶಾಲೆಗಳು ಹುಡುಗರನ್ನು 13ನೆಯ ವಯಸ್ಸಿಗೆ ಸೇರಿಸಿಕೊಳ್ಳುವ ಪದ್ಧತಿ. ಆ ಶಾಲೆಗಳಿಗೆ ಬರುವ ಹುಡುಗರನ್ನೆಲ್ಲ ಒಂದೇ ಅಳತೆಗೋಲಿನಿಂದ ಅಳೆಯಲೆಂದು 1904ರಲ್ಲಿ ಕಾಮನ್ ಎಂಟ್ರೆನ್ಸ್ ಎಂಬ ಪರೀಕ್ಷೆ ಶುರುವಾಯಿತು. ಪ್ರೆಪ್ ಶಾಲೆಗಳ ಸಂಘ ಅದಕ್ಕೂ ಹಿಂದಿನದು, 1892ರದು. ಹುಡುಗಿಯರ ಶಾಲೆಗಳು ಮಾತ್ರ ಬಹುಪಾಲು 11ಕ್ಕೇ ಸೇರಿಸಿಕೊಳ್ಳುತ್ತ ಬಂದಿವೆ. ಹೀಗಾಗಿ "ಪ್ರೆಪ್ ಶಾಲೆ ಒಳ್ಳೆಯದೇ?" ಎಂದು ಕೇಳುವುದಕ್ಕಿಂತ "ನನ್ನ ಮಗು ಎಷ್ಟನೆಯ ವಯಸ್ಸಿಗೆ ಎಲ್ಲಿಗೆ ಹೋಗಬೇಕು?" ಎಂದು ಮೊದಲು ಕೇಳಿಕೊಳ್ಳಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ, ಪ್ರೆಪ್ ಶಾಲೆಯ ನಿಜವಾದ ಕಸುಬು ಕಾಣಿಸುವುದು ಕೊನೆಯ ಎರಡು ವರ್ಷಗಳಲ್ಲಿ, ಅಂದರೆ ಇಯರ್ 7 ಮತ್ತು 8ರಲ್ಲಿ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಚಿಕ್ಕ ತರಗತಿ, ಒಳ್ಳೆಯ ಆಟದ ಬಯಲು, ಸಂಗೀತ, ನಾಟಕ ಎಲ್ಲವೂ ಸಿಗುತ್ತವೆ, ನಿಜ. ಆದರೆ 11ಕ್ಕೆ ಮಗುವನ್ನು ಬಿಡಿಸಿಕೊಂಡು ಹೋಗುವುದೇ ನಿಮ್ಮ ಯೋಜನೆಯಾದರೆ, ಅಡಿಪಾಯಕ್ಕೆ ಹಣ ಕೊಟ್ಟು ಮನೆ ಕಟ್ಟುವ ಹೊತ್ತಿಗೆ ಹೊರಟಂತೆ ಆಗುತ್ತದೆ.

ಆ ಸಿದ್ಧತೆ ಹೇಗೆ ನಡೆಯುತ್ತದೆಂದು ಕೇಳಿದಿರಿ. ಇಯರ್ 3, 4ರಲ್ಲಿ ಬಹುತೇಕ ಪಾಠಗಳನ್ನು ಒಬ್ಬರೇ ಟೀಚರ್ ಮಾಡುತ್ತಾರೆ. ಇಯರ್ 5ರ ಆಸುಪಾಸಿನಲ್ಲಿ ಪ್ರತಿ ವಿಷಯಕ್ಕೂ ಬೇರೆ ಬೇರೆ ಉಪಾಧ್ಯಾಯರು ಬರತೊಡಗುತ್ತಾರೆ, ವಿಜ್ಞಾನಕ್ಕೆ ಪ್ರಯೋಗಾಲಯ, ಫ್ರೆಂಚ್‌ಗೆ ಬೇರೆ ಕೊಠಡಿ ಎಂದು ಮಕ್ಕಳೇ ಪುಸ್ತಕ ಹೊತ್ತುಕೊಂಡು ಓಡಾಡಬೇಕಾಗುತ್ತದೆ. ಮೊದಲ ಕೆಲವು ವಾರ ನನ್ನ ತರಗತಿಗೆ ಜ್ಯಾಮಿಟ್ರಿ ಬಾಕ್ಸ್ ಇಲ್ಲದೆ ಬರುವವರು, ಲ್ಯಾಟಿನ್ ಪುಸ್ತಕ ಹಿಡಿದು ಬರುವವರು, ಸಂಗೀತದ ಕೊಠಡಿಯಲ್ಲಿ ಕುಳಿತು ಗಣಿತದವರು ಬರಲಿಲ್ಲವೆಂದು ಕಾಯುವವರು ಎಲ್ಲರೂ ಇರುತ್ತಾರೆ. ಯಾರೂ ಬೈಯುವುದಿಲ್ಲ, ಆದರೆ ಯಾರೂ ಮನೆಗೆ ಫೋನು ಮಾಡಿ ಬಾಕ್ಸ್ ತರಿಸುವುದೂ ಇಲ್ಲ. ಅರ್ಧ ಟರ್ಮ್ ಕಳೆಯುವಷ್ಟರಲ್ಲಿ ಮಗು ಹಿಂದಿನ ರಾತ್ರಿಯೇ ಚೀಲ ಜೋಡಿಸಿಕೊಳ್ಳುವುದನ್ನು ಕಲಿತಿರುತ್ತದೆ.

ಇನ್ನು ಮನೆಪಾಠ. ಅದನ್ನು ಇಲ್ಲಿ "ಪ್ರೆಪ್" ಎಂದೇ ಕರೆಯುತ್ತಾರೆ, ಹಲವು ಶಾಲೆಗಳಲ್ಲಿ ಸಂಜೆ ಶಾಲೆಯಲ್ಲಿಯೇ ಕೂರಿಸಿ ಮಾಡಿಸುತ್ತಾರೆ. ನಮ್ಮಲ್ಲಿ ಇಯರ್ 5ರವರಿಗೆ ಒಂದು ಅಥವಾ ಎರಡು ವಿಷಯಗಳ ಚಿಕ್ಕ ಕೆಲಸವಿರುತ್ತದೆ, ಪಕ್ಕದಲ್ಲಿಯೇ ಉಪಾಧ್ಯಾಯರು ಕುಳಿತಿರುತ್ತಾರೆ. ಇಯರ್ 7ಕ್ಕೆ ಬರುವಾಗ ವಿಷಯಗಳು ಹೆಚ್ಚುತ್ತವೆ, ಕೆಲವು ಕೆಲಸಗಳಿಗೆ ಒಂದು ವಾರದ ಗಡುವು ಕೊಡುತ್ತೇವೆ, ಯಾವುದನ್ನು ಯಾವಾಗ ಮಾಡಬೇಕೆಂಬುದನ್ನು ಹೇಳುವುದನ್ನು ಬೇಕೆಂತಲೇ ನಿಲ್ಲಿಸುತ್ತೇವೆ. ಇಯರ್ 8ರ ಈಸ್ಟರ್ ರಜೆಗೆ ಮೊದಲು ಪ್ರತಿ ಮಗುವೂ ತನ್ನ ಪುನರಾವರ್ತನೆಯ ವೇಳಾಪಟ್ಟಿಯನ್ನು ತಾನೇ ಬರೆದು ಫಾರ್ಮ್ ಟ್ಯೂಟರ್‌ಗೆ ತೋರಿಸಬೇಕು. ಮೊದಲ ಪಟ್ಟಿ ಸಾಮಾನ್ಯವಾಗಿ ಹಾಸ್ಯಾಸ್ಪದವಾಗಿಯೇ ಇರುತ್ತದೆ: ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಬರೀ ಓದು, ಊಟಕ್ಕೂ ಸಮಯವಿಲ್ಲ. ಟ್ಯೂಟರ್ ಅದನ್ನು ತಿದ್ದುವುದಿಲ್ಲ, ಮೂರು ದಿನ ನಡೆಸಿ ನೋಡು ಎನ್ನುತ್ತಾರೆ. ಎರಡನೆಯ ಪಟ್ಟಿ ಬಹಳ ವಿವೇಕದಿಂದ ಕೂಡಿರುತ್ತದೆ.

ಹಾಸನದವರು

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ನನ್ನ ಮಗ ಪ್ರೆಪ್ ಶಾಲೆಯಲ್ಲಿ ಇಯರ್ 8 ಮುಗಿಸಿ ಈಗ ಒಂದು ಸೀನಿಯರ್ ಶಾಲೆಯಲ್ಲಿ ಇಯರ್ 10ರಲ್ಲಿದ್ದಾನೆ. ಪರೀಕ್ಷೆಗಳ ವಿಷಯದಲ್ಲಿ ಹೊಸಬರಿಗೆ ಗೊಂದಲವಾಗುವುದನ್ನು ನೋಡಿದ್ದೇನೆ, ಆದ್ದರಿಂದ ಆ ಭಾಗವನ್ನು ನಾನು ಬರೆಯುತ್ತೇನೆ.

ಎರಡು ಬೇರೆ ಬೇರೆ ಪರೀಕ್ಷೆಗಳಿವೆ, ಅವುಗಳನ್ನು ಒಂದೆಂದು ತಿಳಿಯಬಾರದು. ಮೊದಲನೆಯದು ಪ್ರೀ-ಟೆಸ್ಟ್. ಇದು ಮಗು ಇಯರ್ 6 ಅಥವಾ 7ರಲ್ಲಿರುವಾಗ ಕಂಪ್ಯೂಟರ್ ಮೇಲೆ ನಡೆಯುತ್ತದೆ. ಇಂಗ್ಲಿಷ್, ಗಣಿತ, ವರ್ಬಲ್ ರೀಸನಿಂಗ್ (ಪದಗಳ ತರ್ಕ), ನಾನ್-ವರ್ಬಲ್ ರೀಸನಿಂಗ್ (ಆಕೃತಿಗಳ ತರ್ಕ) ಎಂಬ ನಾಲ್ಕು ಭಾಗಗಳು, ಒಟ್ಟು ಸುಮಾರು ಎರಡೂಕಾಲು ಗಂಟೆ. ಎಲ್ಲವೂ ಆಯ್ಕೆ ಉತ್ತರದ ಪ್ರಶ್ನೆಗಳು. ಮಗು ಸರಿಯಾಗಿ ಉತ್ತರಿಸಿದಂತೆ ಮುಂದಿನ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ, ಒಮ್ಮೆ ಉತ್ತರ ಕೊಟ್ಟ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ಸಲ ಬರೆಯಬಹುದು, ಅದೇ ಫಲಿತಾಂಶವನ್ನು ನೀವು ಅರ್ಜಿ ಹಾಕಿದ ಶಾಲೆಗಳು ನೋಡುತ್ತವೆ. ಇದರ ಜೊತೆಗೆ ಸಂದರ್ಶನ, ಪ್ರೆಪ್ ಶಾಲೆಯ ಮುಖ್ಯಸ್ಥರ ವರದಿ, ಕೆಲವು ಕಡೆ ಆ ಶಾಲೆಯದೇ ಇನ್ನೊಂದು ಪರೀಕ್ಷೆ. ಇವೆಲ್ಲ ಮುಗಿದ ಮೇಲೆ 13ನೆಯ ವಯಸ್ಸಿಗೆ ಷರತ್ತಿನ ಮೇಲೆ ಸೀಟು ಕೊಡುತ್ತಾರೆ.

ಎರಡನೆಯದು ಕಾಮನ್ ಎಂಟ್ರೆನ್ಸ್, ಇಯರ್ 8ರ ಕೊನೆಗೆ. ಇಂಗ್ಲಿಷ್, ಗಣಿತ, ವಿಜ್ಞಾನ ಇದ್ದೇ ಇರುತ್ತವೆ, ಅದರ ಮೇಲೆ ಇತಿಹಾಸ, ಭೂಗೋಳ, ಧರ್ಮಾಧ್ಯಯನ, ಫ್ರೆಂಚ್, ಲ್ಯಾಟಿನ್ ಮುಂತಾದವು. ಇದರ ವಿಚಿತ್ರವೇನೆಂದರೆ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಆದರೂ ಉತ್ತರಪತ್ರಿಕೆಯನ್ನು ತಿದ್ದುವುದು ಮಗು ಸೇರಲಿರುವ ಸೀನಿಯರ್ ಶಾಲೆ, ಉತ್ತೀರ್ಣತೆಯ ಅಂಕವನ್ನು ನಿರ್ಧರಿಸುವುದೂ ಅದೇ ಶಾಲೆ. ನಮ್ಮ ಎಸ್.ಎಸ್.ಎಲ್.ಸಿ.ಯಂತೆ ಇಡೀ ರಾಜ್ಯಕ್ಕೆ ಒಂದೇ ಫಲಿತಾಂಶದ ಪಟ್ಟಿ ಎಂಬುದಿಲ್ಲ. ಈಚಿನ ವರ್ಷಗಳಲ್ಲಿ ಹಲವು ಸೀನಿಯರ್ ಶಾಲೆಗಳು ಈ ಪರೀಕ್ಷೆಯನ್ನು ಪ್ರವೇಶಕ್ಕೆ ಕಡ್ಡಾಯ ಮಾಡುವುದನ್ನು ಬಿಟ್ಟಿವೆ, ಪ್ರೀ-ಟೆಸ್ಟ್ ಹೊತ್ತಿಗೇ ನಿರ್ಧಾರ ಮುಗಿದುಹೋಗುತ್ತದೆ.

ದಿನಾಂಕಗಳ ಬಗ್ಗೆ ಒಂದು ಎಚ್ಚರಿಕೆ. 13ಕ್ಕೆ ಸೇರುವುದೆಂದರೆ ಇನ್ನೂ ಬಹಳ ಸಮಯವಿದೆ ಎಂದು ಊರಿನಿಂದ ಬಂದವರು ತಿಳಿಯುತ್ತಾರೆ. ಈಟನ್‌ಗೆ ಹೆಸರು ನೋಂದಾಯಿಸಲು ಕೊನೆಯ ದಿನ ಇಯರ್ 5ರ ಜೂನ್ 30. ಅಂದರೆ ಸೇರುವುದಕ್ಕೆ ಮೂರು ವರ್ಷಕ್ಕೂ ಮೊದಲೇ ಬಾಗಿಲು ಮುಚ್ಚಿರುತ್ತದೆ. ಉಳಿದ ಶಾಲೆಗಳ ದಿನಾಂಕ ಬೇರೆ ಬೇರೆ, ಆದರೆ ಇಯರ್ 5ನ್ನು ಕಳೆದುಕೊಳ್ಳಬೇಡಿ.

ಸ್ಲೌ ಕನ್ನಡತಿ

ಇಷ್ಟನ್ನೆಲ್ಲ ಓದಿದ ಮೇಲೆ ನಾನು ಸ್ವಲ್ಪ ವಿರುದ್ಧವಾಗಿ ಮಾತನಾಡಲೇಬೇಕು. ನನ್ನ ಇಬ್ಬರು ಮಕ್ಕಳೂ ಸರಕಾರಿ ಪ್ರೈಮರಿಯಿಂದ 11ಕ್ಕೆ ಗ್ರಾಮರ್ ಶಾಲೆಗೆ ಹೋದವರು. ಇಂಗ್ಲೆಂಡಿನಲ್ಲಿ ಇಂಥ 163 ಶಾಲೆಗಳಿವೆ, ಶುಲ್ಕವಿಲ್ಲ, ಪ್ರವೇಶ ಪರೀಕ್ಷೆಯೊಂದೇ ದಾಟಬೇಕಾದ ಹೊಸಿಲು. ನೀವಿರುವ ರೆಡಿಂಗ್‌ನಲ್ಲಿಯೇ ಹುಡುಗಿಯರಿಗೆ ಕೆಂಡ್ರಿಕ್, ಹುಡುಗರಿಗೆ ರೆಡಿಂಗ್ ಸ್ಕೂಲ್ ಇವೆ. ಜನರು ಮನೆ ಬದಲಾಯಿಸಿಕೊಂಡು ಆ ಊರಿಗೆ ಬರುತ್ತಿರುವಾಗ ಅಲ್ಲಿಯೇ ಇರುವವರು ಪ್ರೆಪ್ ಶಾಲೆಯ ಬಾಗಿಲು ತಟ್ಟುವುದು ನನಗೆ ಅರ್ಥವಾಗುವುದಿಲ್ಲ.

ಮೇಷ್ಟ್ರು ಹೇಳಿದ ಚೀಲ ಜೋಡಿಸಿಕೊಳ್ಳುವ ಶಿಸ್ತು, ಕೊಠಡಿಯಿಂದ ಕೊಠಡಿಗೆ ಓಡುವ ಅಭ್ಯಾಸ ಇವನ್ನು ಲಕ್ಷಾಂತರ ಮಕ್ಕಳು ಸರಕಾರಿ ಸೆಕೆಂಡರಿಯ ಇಯರ್ 7ರಲ್ಲಿ, ಅದೂ ಸಾವಿರ ಮಕ್ಕಳಿರುವ ಶಾಲೆಯಲ್ಲಿ, ತಮ್ಮಷ್ಟಕ್ಕೆ ತಾವೇ ಕಲಿಯುತ್ತಾರೆ. ಜುಲೈನಲ್ಲಿ ಹೊಸ ಶಾಲೆಗೆ ಕರೆದು ಒಂದೆರಡು ದಿನ ಪರಿಚಯ ಮಾಡಿಸುತ್ತಾರೆ, ಸೆಪ್ಟೆಂಬರ್‌ನಲ್ಲಿ ಒಂದಿಷ್ಟು ದಾರಿ ತಪ್ಪುತ್ತಾರೆ, ಅಕ್ಟೋಬರ್‌ಗೆ ಎಲ್ಲ ಸರಿಹೋಗುತ್ತದೆ. ಇದಕ್ಕೆ ಐದು ವರ್ಷದ ಶುಲ್ಕ ಕೊಡಬೇಕೆ? ಸಾಲದ್ದಕ್ಕೆ 2025ರ ಜನವರಿ 1ರಿಂದ ಖಾಸಗಿ ಶಾಲೆಯ ಶುಲ್ಕದ ಮೇಲೆ ಶೇ. 20 ವ್ಯಾಟ್ ಬೇರೆ ಬಂದಿದೆ. ಸ್ಕಾಲರ್‌ಶಿಪ್ ಸಿಕ್ಕರೂ ಬಹಳ ಕಡೆ ಶುಲ್ಕದಲ್ಲಿ ಕಡಿತ ಅಲ್ಪವೇ. ದೊಡ್ಡ ಸಹಾಯ ಬೇಕಾದರೆ ಮನೆಯ ಆದಾಯ, ಉಳಿತಾಯ ಎಲ್ಲವನ್ನೂ ತೋರಿಸಿ ಬರ್ಸರಿಗೆ ಅರ್ಜಿ ಹಾಕಬೇಕು.

ಗಣಿತದ ಮೇಷ್ಟ್ರು

ಸ್ಲೌ ಅಕ್ಕ ಹೇಳಿದ್ದರಲ್ಲಿ ಹಣದ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಕೊಠಡಿ ಬದಲಾಯಿಸುವ ಅಭ್ಯಾಸವೂ 11ಕ್ಕೆ ಸುಲಭವಾಗಿ ಬರುತ್ತದೆ ಎಂಬುದನ್ನು ಒಪ್ಪುತ್ತೇನೆ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಸರಕಾರಿ ಸೆಕೆಂಡರಿಯಲ್ಲಿ ಹನ್ನೊಂದು, ಹನ್ನೆರಡರ ಮಗು ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಚಿಕ್ಕದು. ಪ್ರೆಪ್ ಶಾಲೆಯಲ್ಲಿ ಅದೇ ವಯಸ್ಸಿನ ಮಗು ಎಲ್ಲರಿಗಿಂತ ದೊಡ್ಡದು. ಇಯರ್ 8ರವರೇ ಪ್ರಿಫೆಕ್ಟ್‌ಗಳು, ಊಟದ ಮನೆಯಲ್ಲಿ ಚಿಕ್ಕವರ ಮೇಜಿನಲ್ಲಿ ಕುಳಿತು ಬಡಿಸುವವರು, ಅಸೆಂಬ್ಲಿಯಲ್ಲಿ ನಿಂತು ಓದುವವರು, ಸಂದರ್ಶಕರು ಬಂದರೆ ಶಾಲೆ ಸುತ್ತಿಸಿ ತೋರಿಸುವವರು. ಮೇಡಂ ನೀವು ಶಾಲೆ ನೋಡಲು ಹೋದಾಗ ನಿಮ್ಮನ್ನು ಸುತ್ತಿಸಿದವರು ಬಹುಶಃ ಇಬ್ಬರು ವಿದ್ಯಾರ್ಥಿಗಳೇ ಆಗಿದ್ದಿರಬೇಕು. ನಿಮಗೆ ಕಾಣದೆ ಹೋದ ಸಿದ್ಧತೆ ಅದರಲ್ಲಿಯೂ ಇತ್ತು: ಅಪರಿಚಿತ ಹಿರಿಯರೊಂದಿಗೆ ಅರ್ಧ ಗಂಟೆ ಮಾತನಾಡುತ್ತ ನಡೆಯುವುದು ಹನ್ನೆರಡು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ.

ಕಾಮನ್ ಎಂಟ್ರೆನ್ಸ್ ಬಿಟ್ಟುಕೊಟ್ಟ ಶಾಲೆಗಳು ಏನು ಮಾಡುತ್ತವೆ ಎಂಬುದನ್ನೂ ಸೇರಿಸುತ್ತೇನೆ. ಕೆಲವು ಪ್ರೆಪ್ ಶಾಲೆಗಳು ಪಿ.ಎಸ್.ಬಿ. (ಪ್ರೀ-ಸೀನಿಯರ್ ಬ್ಯಾಕಲೋರಿಯಟ್) ಎಂಬ ಚೌಕಟ್ಟನ್ನು ಹಿಡಿದಿವೆ. ಅದರಲ್ಲಿ ಅಂಕದ ಜೊತೆಗೆ ಸಂವಹನ, ಸಹಕಾರ, ಮುಂದಾಳತ್ವ, ಸ್ವಾವಲಂಬನೆ, ತನ್ನ ಕೆಲಸವನ್ನು ತಾನೇ ಪರಿಶೀಲಿಸಿ ತಿದ್ದಿಕೊಳ್ಳುವುದು, ಯೋಚಿಸಿ ಕಲಿಯುವುದು ಇವನ್ನೂ ಗಮನಿಸಿ ವರದಿ ಬರೆಯುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಗಟ್ಟಿ ಪರೀಕ್ಷೆ ಎದುರಿಗಿಲ್ಲದೆ ಇಯರ್ 8ರ ಹುಡುಗರು ಓದುತ್ತಾರೆಯೇ ಎಂಬ ಅನುಮಾನ ನನ್ನಂಥ ಹಳೆಯ ಕಾಲದವರಿಗೆ ಹೋಗಿಲ್ಲ. ಗಣಿತದಲ್ಲಿ ಕ್ಯಾಲ್ಕುಲೇಟರ್ ಇಲ್ಲದ ಪತ್ರಿಕೆಯೊಂದು ಬರುತ್ತದೆಂಬ ಭಯ ಇದ್ದುದರಿಂದಲೇ ಭಿನ್ನರಾಶಿಯ ಭಾಗಾಕಾರವನ್ನು ಹಂತ ಹಂತವಾಗಿ ಬರೆದು ತೋರಿಸುವ ಅಭ್ಯಾಸ ಎಷ್ಟೋ ಮಕ್ಕಳಿಗೆ ಬಂದಿದೆ. ಇಯರ್ 8ರ ಅಣಕು ಪರೀಕ್ಷೆಯ ಪತ್ರಿಕೆಗಳನ್ನು ನಾವು ಅಂಕದ ಜೊತೆಗೆ ತಿದ್ದುವ ಮಾರ್ಗಸೂಚಿಯನ್ನೂ ಕೊಟ್ಟು ಹಿಂದಿರುಗಿಸುತ್ತೇವೆ. ತನಗೆ ಅಂಕ ಎಲ್ಲಿ ಹೋಯಿತೆಂದು ಮಗುವೇ ಹುಡುಕಿ, ಆ ಲೆಕ್ಕವನ್ನು ಮತ್ತೆ ಮಾಡಿ, ಪಕ್ಕದಲ್ಲಿ ಒಂದು ವಾಕ್ಯದ ಕಾರಣ ಬರೆಯಬೇಕು. "ಅಜಾಗರೂಕತೆ" ಎಂದು ಬರೆದರೆ ನಾನು ಒಪ್ಪುವುದಿಲ್ಲ, ಯಾವ ಬಗೆಯ ಅಜಾಗರೂಕತೆ ಎಂದು ಬರೆಸುತ್ತೇನೆ. ಸೀನಿಯರ್ ಶಾಲೆಯಲ್ಲಿ ಯಾರೂ ಹಾಗೆ ಪಕ್ಕದಲ್ಲಿ ಕೂರುವುದಿಲ್ಲ.

ರೆಡಿಂಗ್ ನಿವಾಸಿ

ಎಲ್ಲರಿಗೂ ತುಂಬ ಧನ್ಯವಾದಗಳು. ಸ್ಲೌ ಮೇಡಂ, ಕೆಂಡ್ರಿಕ್ ವಿಷಯ ನಮಗೆ ತಿಳಿದಿದ್ದರೂ ಪರೀಕ್ಷೆ ಇಯರ್ 6ರ ಆರಂಭದಲ್ಲಿಯೇ ಇರುತ್ತದೆಂದು ಗೊತ್ತಿರಲಿಲ್ಲ; ಈಗ ನೋಡಿಕೊಂಡೆ.

ನನ್ನದು ಇನ್ನೆರಡು ಸಂದೇಹ. ಒಂದು, ಈ ಲ್ಯಾಟಿನ್ ಯಾರಿಗೆ ಬೇಕು? ಎರಡು, ಸಂದರ್ಶನ. ನಮ್ಮ ಮಗ ಮನೆಯಲ್ಲಿ ವಾಚಾಳಿ, ಹೊರಗಿನವರ ಎದುರು ಬಾಯಿ ಬಿಡುವುದಿಲ್ಲ. ದೊಡ್ಡವರು ಮಾತನಾಡುವಾಗ ಮಧ್ಯೆ ಬಾಯಿ ಹಾಕಬಾರದೆಂದು ನಾವೇ ಕಲಿಸಿದ್ದೇವೆ. ಅಂಥ ಮಗುವನ್ನು ಹತ್ತನೆಯ ವಯಸ್ಸಿಗೆ ಒಬ್ಬನೇ ಕೂರಿಸಿ ಪ್ರಶ್ನೆ ಕೇಳಿದರೆ ಏನಾಗಬಹುದು?

ಗಣಿತದ ಮೇಷ್ಟ್ರು

ಸಂದರ್ಶನದ ಬಗ್ಗೆ ನಾನು ಹೇಳುವುದಕ್ಕಿಂತ ಇಲ್ಲಿ ಓದಿ ಬೆಳೆದವರು ಹೇಳಿದರೆ ಉತ್ತಮ. ಒಂದು ಮಾತು ಮಾತ್ರ: ಭಾರತೀಯ ಮನೆಗಳ ಮಕ್ಕಳು ಸಂದರ್ಶನದಲ್ಲಿ ಎಡವುವುದು ಮೌನದಿಂದಲ್ಲ, ಬಾಯಿಪಾಠದಿಂದ. ಟ್ಯೂಷನ್ ಕೇಂದ್ರದಲ್ಲಿ ಕಲಿಸಿದ ಉತ್ತರವನ್ನು ಒಪ್ಪಿಸಿದ ಮಗುವನ್ನು ಸಂದರ್ಶನ ಮಾಡುವ ಉಪಾಧ್ಯಾಯರು ಮೊದಲ ವಾಕ್ಯದಲ್ಲಿಯೇ ಗುರುತಿಸುತ್ತಾರೆ. "ಈಚೆಗೆ ಏನು ಓದಿದೆ?" ಎಂದರೆ ದಪ್ಪ ಪುಸ್ತಕದ ಹೆಸರು ಹೇಳಬೇಕಾಗಿಲ್ಲ. ಕ್ರಿಕೆಟ್ ಅಂಕಿಅಂಶದ ಪುಸ್ತಕ ಓದಿದ್ದರೆ ಅದನ್ನೇ ಹೇಳಿ, ಸರಾಸರಿಯನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ವಿವರಿಸಿದರೆ ಸಾಕು. ನಮ್ಮ ಶಾಲೆಯಲ್ಲಿ ಅಭ್ಯಾಸದ ಸಂದರ್ಶನ ನಡೆಸುವಾಗ ಮಗುವಿನ ಕೈಗೆ ಒಂದು ವಸ್ತುವನ್ನೋ ಚಿತ್ರವನ್ನೋ ಕೊಟ್ಟು ಕಂಡದ್ದನ್ನು ಹೇಳು ಎನ್ನುತ್ತೇವೆ. ಅಲ್ಲಿ ಬಾಯಿಪಾಠಕ್ಕೆ ಎಡೆಯೇ ಇಲ್ಲ.

ಲ್ಯಾಟಿನ್ ಯಾರಿಗೆ ಬೇಕೆಂದರೆ, ಬಹಳ ಜನರಿಗೆ ಬೇಡ. ಆದರೆ ಕನ್ನಡ ಮನೆಮಾತಾಗಿರುವ ಮಕ್ಕಳು ಅದರಲ್ಲಿ ಚೆನ್ನಾಗಿ ಮಾಡುವುದನ್ನು ನಮ್ಮ ಲ್ಯಾಟಿನ್ ಉಪಾಧ್ಯಾಯರು ಗಮನಿಸಿ ನನ್ನನ್ನು ಕೇಳಿದ್ದರು. ಮನೆಗೆ, ಮನೆಯಿಂದ, ಮನೆಯಲ್ಲಿ ಎಂದು ನಾಮಪದದ ಬಾಲ ಬದಲಾಗುವುದು ನಮ್ಮ ಮಕ್ಕಳಿಗೆ ಹೊಸದಲ್ಲ, ಕ್ರಿಯಾಪದ ವಾಕ್ಯದ ಕೊನೆಗೆ ಬಂದರೂ ಗಾಬರಿಯಿಲ್ಲ. ಬರೀ ಇಂಗ್ಲಿಷ್ ಬಲ್ಲ ಮಗುವಿಗೆ ವಿಭಕ್ತಿಯೆಂಬುದು ಒಂದು ದೊಡ್ಡ ಗೋಡೆ.

ಹಳೆಯ ವಿದ್ಯಾರ್ಥಿನಿ

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಇಲ್ಲಿಗೆ ಬಂದಾಗ ನನಗೆ ಏಳು ವರ್ಷ. ಸಹಶಿಕ್ಷಣದ ಪ್ರೆಪ್ ಶಾಲೆಯಲ್ಲಿ 13ರವರೆಗೆ ಓದಿ, ಸೀನಿಯರ್ ಶಾಲೆ ಮುಗಿಸಿ, ಈಗ ವಿಶ್ವವಿದ್ಯಾಲಯದಲ್ಲಿದ್ದೇನೆ. ತಂದೆತಾಯಿಯರ ಚರ್ಚೆಯ ಮಧ್ಯೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ.

ಪ್ರೆಪ್ ಶಾಲೆ ನನಗೆ ಕಲಿಸಿದ್ದರಲ್ಲಿ ಪಾಠದ ಅಂಶ ಬಹಳ ಉಳಿಯಲಿಲ್ಲ. ಕಾಮನ್ ಎಂಟ್ರೆನ್ಸ್‌ಗೆ ಓದಿದ ವಿಜ್ಞಾನವನ್ನು ಇಯರ್ 9ರಲ್ಲಿ ಅರ್ಧಕ್ಕರ್ಧ ಮತ್ತೆ ಹೇಳಿಕೊಟ್ಟರು, ಏಕೆಂದರೆ ಬೇರೆ ಬೇರೆ ಶಾಲೆಗಳಿಂದ ಬಂದವರನ್ನು ಒಂದು ಮಟ್ಟಕ್ಕೆ ತರಬೇಕಿತ್ತು. ಸರಕಾರಿ ಶಾಲೆಯಿಂದ ಬಂದ ಗೆಳತಿಯರು ಒಂದು ವರ್ಷದೊಳಗೆ ನಮ್ಮ ಸಮಕ್ಕೆ ಬಂದರು, ಇಬ್ಬರು ನಮ್ಮನ್ನು ದಾಟಿಯೇ ಹೋದರು. ಲ್ಯಾಟಿನ್ ಅನ್ನು ನಾನು ಸಿಕ್ಕಿದ ಮೊದಲ ಅವಕಾಶದಲ್ಲಿಯೇ ಬಿಟ್ಟೆ.

ಇತಿಹಾಸದ ಪಾಠ ಮಾತ್ರ ಬೇರೆ ಮಾತು. ಅಲ್ಲಿ ಒಂದು ಆಧಾರವನ್ನು ಕೊಟ್ಟು ಇದನ್ನು ಬರೆದವರು ಯಾರು, ಯಾರಿಗಾಗಿ, ಏನನ್ನು ಮುಚ್ಚಿಟ್ಟಿದ್ದಾರೆ ಎಂದು ಕೇಳುತ್ತಿದ್ದರು. ಬ್ರಿಟನ್ ಮತ್ತು ಸಾಮ್ರಾಜ್ಯದ ಭಾಗ ಬಂದಾಗ 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಬಗ್ಗೆ ನಾನೇ ಕೈ ಎತ್ತಿ ಕೇಳಿದೆ, ಉಪಾಧ್ಯಾಯರು ಪಾಠವನ್ನು ಬದಿಗಿಟ್ಟು ನೀನೇ ಮುಂದಿನ ವಾರ ಹತ್ತು ನಿಮಿಷ ಮಾತನಾಡು ಎಂದರು. ಅಜ್ಜನಿಗೆ ಫೋನು ಮಾಡಿ ಕೇಳಿದ್ದು, ಪುಸ್ತಕದಲ್ಲಿ ಓದಿದ್ದು ಎರಡೂ ಹೊಂದದೇ ಹೋದಾಗ ಏನು ಮಾಡಬೇಕೆಂದು ಅವರೊಡನೆ ಕುಳಿತು ಯೋಚಿಸಿದ್ದು ನನಗೆ ಇಂದಿಗೂ ಪ್ರಬಂಧ ಬರೆಯುವಾಗ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದ್ದನ್ನು ಉಪಾಧ್ಯಾಯರ ಬಳಿ ಹೋಗಿ ಸಂಕೋಚವಿಲ್ಲದೆ ಕೇಳುವುದನ್ನು ನಾನು ಅಲ್ಲಿ ಕಲಿತೆ. ಸೀನಿಯರ್ ಶಾಲೆಯಲ್ಲಿ ಮೊದಲ ಟರ್ಮ್ ದಾಟಿಸಿದ್ದು ಅದೇ.

ಯಾರೂ ಸಿದ್ಧಪಡಿಸದೇ ಬಿಟ್ಟ ವಿಷಯವೊಂದಿದೆ. ಇನ್ನೂರು ಮಕ್ಕಳ ಶಾಲೆಯಲ್ಲಿ ಎಲ್ಲ ಉಪಾಧ್ಯಾಯರಿಗೂ ನನ್ನ ಹೆಸರು, ನನ್ನ ತಮ್ಮನ ಹೆಸರು, ನನಗೆ ಮೊಟ್ಟೆ ಆಗದೆಂಬುದು ಎಲ್ಲ ಗೊತ್ತಿತ್ತು. ಸೀನಿಯರ್ ಶಾಲೆಗೆ ಹೋದ ಮೇಲೆ ಎಷ್ಟೋ ದಿನ ಯಾರೂ ನನ್ನ ಹೆಸರನ್ನು ಸರಿಯಾಗಿ ಕರೆಯಲಿಲ್ಲ. ನಾಟಕದಲ್ಲಿ ಯಾವಾಗಲೂ ಮುಖ್ಯ ಪಾತ್ರ ಮಾಡಿದವಳಿಗೆ ಅಲ್ಲಿ ಪರದೆ ಎಳೆಯುವ ಕೆಲಸ ಸಿಕ್ಕಿತು. ಅದನ್ನು ಯಾವ ಶಾಲೆ ಮೊದಲೇ ಕಲಿಸಿಕೊಡಲು ಸಾಧ್ಯವೋ ನಾನರಿಯೆ, ಆದರೆ ಇಯರ್ 8ರಲ್ಲಿ ಯಾರಾದರೂ ಹೇಳಿಯಾದರೂ ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ವೈದ್ಯ ದಂಪತಿ

ಬೋರ್ಡಿಂಗ್ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾವು ಬರೆಯುತ್ತೇವೆ. ನಾವಿಬ್ಬರೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು. ಮಗನ ಪ್ರೆಪ್ ಶಾಲೆಯಲ್ಲಿ ವಾರಕ್ಕೆ ಒಂದೆರಡು ರಾತ್ರಿ ಮಾತ್ರ ಉಳಿಯುವ ಅವಕಾಶವಿತ್ತು, ಇಲ್ಲಿ ಅದನ್ನು ಫ್ಲೆಕ್ಸಿ ಬೋರ್ಡಿಂಗ್ ಎನ್ನುತ್ತಾರೆ. ಊರಿನಲ್ಲಿ ಅತ್ತೆಯವರಿಗೆ ತಿಳಿದಾಗ ಮಗುವನ್ನು ಹಾಸ್ಟೆಲಿಗೆ ತಳ್ಳಿದಿರಿ ಎಂದು ಬಹಳ ನೊಂದುಕೊಂಡರು. ನಮಗೂ ಮೊದಲ ವಾರ ನಿದ್ದೆ ಬರಲಿಲ್ಲ. ಆದರೆ 13ಕ್ಕೆ ಪೂರ್ಣ ಬೋರ್ಡಿಂಗ್ ಇರುವ ಶಾಲೆಗೆ ಹೋದಾಗ, ಮನೆಯಿಂದ ನೇರವಾಗಿ ಬಂದ ಹುಡುಗರಿಗೂ ಇವನಿಗೂ ಇದ್ದ ವ್ಯತ್ಯಾಸವನ್ನು ಹೌಸ್‌ಮಾಸ್ಟರ್ (ವಸತಿಗೃಹದ ಹೊಣೆ ಹೊತ್ತ ಉಪಾಧ್ಯಾಯರು) ಅವರೇ ಹೇಳಿದರು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬಾರದು, ಕಾಲುಚೀಲಕ್ಕೆ ಹೆಸರಿನ ಪಟ್ಟಿ ಇದೆಯೇ ನೋಡಬೇಕು, ಬೇಸರವಾದರೆ ಮೇಟ್ರನ್ ಬಳಿ ಹೋಗಿ ಕೂರಬಹುದು, ಇಷ್ಟು ಅವನಿಗೆ ಗೊತ್ತಿತ್ತು. ಪರೀಕ್ಷೆ ಮುಗಿದ ಮೇಲಿನ ಜೂನ್ ವಾರಗಳಲ್ಲಿ ಅಡುಗೆ, ಪ್ರಥಮ ಚಿಕಿತ್ಸೆ, ಅಂಗಿಗೆ ಇಸ್ತ್ರಿ ಹಾಕುವುದು ಇವನ್ನೂ ಕಲಿಸಿದ್ದರು. ಅವನು ಮಾಡಿದ ಚಪಾತಿಯ ಆಕಾರದ ಬಗ್ಗೆ ಇಲ್ಲಿ ಹೇಳುವುದಿಲ್ಲ.

ಎಲ್ಲ ಮಕ್ಕಳಿಗೂ ಇದು ಹಿಡಿಸುವುದಿಲ್ಲ ಎಂಬುದನ್ನು ಸೇರಿಸಲೇಬೇಕು. ನಮ್ಮ ಮಗಳು ಒಂದು ರಾತ್ರಿ ಉಳಿದು, ಮಾರನೆಯ ದಿನ ತಾನು ಇನ್ನು ಉಳಿಯುವುದಿಲ್ಲವೆಂದಳು. ನಾವೂ ಒತ್ತಾಯಿಸಲಿಲ್ಲ.

ಸ್ಲೌ ಕನ್ನಡತಿ

ಒಂದು ಪ್ರಶ್ನೆಗೆ ಯಾರಾದರೂ ಪ್ರಾಮಾಣಿಕವಾಗಿ ಉತ್ತರಿಸಬೇಕು. ಪ್ರೆಪ್ ಶಾಲೆಯೇ ಸಿದ್ಧಪಡಿಸುತ್ತದೆ ಎಂದಾದರೆ, ಅಲ್ಲಿನ ಮಕ್ಕಳಲ್ಲಿಯೂ ಅಷ್ಟೊಂದು ಜನ ಪ್ರೀ-ಟೆಸ್ಟ್‌ಗೆಂದು ಹೊರಗೆ ಟ್ಯೂಟರ್ ಬಳಿ ಹೋಗುವುದೇಕೆ? ನಮ್ಮ ಪಕ್ಕದ ಮನೆಯವರು ಶಾಲೆಗೂ ಕೊಟ್ಟು ಟ್ಯೂಟರ್‌ಗೂ ಕೊಡುತ್ತಿದ್ದಾರೆ.

ಗಣಿತದ ಮೇಷ್ಟ್ರು

ತಂದೆತಾಯಿಯರ ಭಯ ಒಂದು ಕಾರಣ, ಶಾಲೆಗಳ ಅಸ್ಪಷ್ಟತೆ ಇನ್ನೊಂದು. ಪ್ರೀ-ಟೆಸ್ಟ್‌ಗೆ ಪೂರ್ವಸಿದ್ಧತೆ ಬೇಡ ಎಂದು ಸೀನಿಯರ್ ಶಾಲೆಗಳು ಹೇಳುತ್ತವೆ, ಪ್ರೆಪ್ ಶಾಲೆಗಳು ತಲೆಯಾಡಿಸುತ್ತವೆ, ಆಮೇಲೆ ವಾರಕ್ಕೊಂದು ರೀಸನಿಂಗ್ ತರಗತಿಯನ್ನು ವೇಳಾಪಟ್ಟಿಯಲ್ಲಿ ಸೇರಿಸುತ್ತವೆ. ಪ್ರಶ್ನೆಗಳ ಬಗೆ ಪರಿಚಯವಾಗುವಷ್ಟು, ಸಮಯದ ಅಂದಾಜು ಸಿಗುವಷ್ಟು ಅಭ್ಯಾಸ ಬೇಕೇ ಬೇಕು, ಅದನ್ನು ಶಾಲೆಯೇ ಮಾಡಿಸಬೇಕು. ಅದಕ್ಕಿಂತ ಹೆಚ್ಚಿನ ಟ್ಯೂಷನ್‌ನಿಂದ ಅಂಕ ಒಂದಿಷ್ಟು ಏರಬಹುದು. ಹಾಗೆ ತಳ್ಳಿಸಿಕೊಂಡು ತನಗೆ ಮೀರಿದ ಶಾಲೆಗೆ ಹೋದ ಮಗು ಇಯರ್ 9ರಲ್ಲಿ ಎಲ್ಲ ವಿಷಯಗಳಲ್ಲಿಯೂ ಕೆಳಗಿನ ಸೆಟ್‌ನಲ್ಲಿ (ಸಾಮರ್ಥ್ಯಕ್ಕೆ ತಕ್ಕಂತೆ ಮಾಡಿದ ಗುಂಪಿನಲ್ಲಿ) ಕುಳಿತಿರುವುದನ್ನು ನಾನು ನೋಡಿದ್ದೇನೆ. ಒಳ್ಳೆಯ ಪ್ರೆಪ್ ಮುಖ್ಯಸ್ಥರ ಬೆಲೆ ಇಲ್ಲಿ ತಿಳಿಯುತ್ತದೆ. ಇಯರ್ 4 ಅಥವಾ 5ರಲ್ಲಿ ತಂದೆತಾಯಿಯರನ್ನು ಕರೆದು, ನೀವು ಆಸೆಪಟ್ಟ ಶಾಲೆ ಈ ಮಗುವಿಗೆ ಹೊಂದುವುದಿಲ್ಲ, ಇನ್ನೊಂದನ್ನು ನೋಡಿ ಎಂದು ಹೇಳುವ ಧೈರ್ಯ ಅವರಿಗಿರಬೇಕು. ಆ ಮಾತನ್ನು ಕೇಳಿಸಿಕೊಳ್ಳುವ ಧೈರ್ಯ ನಮಗೂ ಇರಬೇಕು ಎನ್ನಿ.

ರೆಡಿಂಗ್ ನಿವಾಸಿ

ಮನೆಯಲ್ಲಿ ಕುಳಿತು ಮಾತನಾಡಿದೆವು. ಮಗಳನ್ನು ಒಂದು ವರ್ಷಕ್ಕಾಗಿ ಪ್ರೆಪ್ ಶಾಲೆಗೆ ಹಾಕುವುದರಲ್ಲಿ ಅರ್ಥವಿಲ್ಲವೆಂದು ನಮಗೂ ಅನ್ನಿಸಿತು. ಅವಳ ಹೆಸರನ್ನು ಕೆಂಡ್ರಿಕ್ ಪರೀಕ್ಷೆಗೆ ನೋಂದಾಯಿಸುತ್ತೇವೆ, ಅಕ್ಟೋಬರ್ 31ರೊಳಗೆ ಸರಕಾರಿ ಸೆಕೆಂಡರಿಯ ಅರ್ಜಿಯಲ್ಲಿ ಹತ್ತಿರದ ಶಾಲೆಗಳನ್ನೂ ಬರೆಯುತ್ತೇವೆ. ಮಗನ ವಿಷಯದಲ್ಲಿ ಮನಸ್ಸು ಪ್ರೆಪ್ ಶಾಲೆಯತ್ತ ವಾಲುತ್ತಿದೆ, ಏಕೆಂದರೆ ವೆಲಿಂಗ್ಟನ್, ಬ್ರ್ಯಾಡ್‌ಫೀಲ್ಡ್‌ನಂಥ 13ಕ್ಕೆ ಸೇರಿಸಿಕೊಳ್ಳುವ ಶಾಲೆಗಳು ನಮಗೆ ಹತ್ತಿರದಲ್ಲಿವೆ. ಅವನನ್ನು ಈಗಲೇ ಪ್ರೆಪ್‌ಗೆ ಸೇರಿಸಬೇಕೇ, ಅಥವಾ ಇಯರ್ 6ರವರೆಗೆ ಈಗಿನ ಶಾಲೆಯಲ್ಲಿಯೇ ಬಿಟ್ಟು ಇಯರ್ 7ಕ್ಕೆ ಸೇರಿಸಿದರೆ ಸಾಕೇ? ಇನ್ನೊಂದು ತೊಡಕೆಂದರೆ, ನಾವು ನೋಡಿದ ಶಾಲೆಯಲ್ಲಿ ದೊಡ್ಡ ಮಕ್ಕಳಿಗೆ ಶನಿವಾರವೂ ಪಾಠ, ಪಂದ್ಯ ಇರುತ್ತವೆಯಂತೆ. ಅವನ ಕನ್ನಡ ತರಗತಿ ಇರುವುದೂ ಶನಿವಾರವೇ.

ಗಣಿತದ ಮೇಷ್ಟ್ರು

ಇಯರ್ 7ಕ್ಕೆ ಸೇರಿಸಬಹುದು, ಆ ಹೊತ್ತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಪ್ರೆಪ್ ಶಾಲೆಗಳಿವೆ. ನಾನು ಮೊದಲೇ ಹೇಳಿದಂತೆ ಮುಖ್ಯವಾದ ಎರಡು ವರ್ಷ ನಿಮಗೆ ಸಿಗುತ್ತವೆ, ಮೂರು ವರ್ಷದ ಶುಲ್ಕವೂ ಉಳಿಯುತ್ತದೆ. ತೊಂದರೆ ಇಷ್ಟೇ: ಪ್ರೀ-ಟೆಸ್ಟ್ ಇಯರ್ 6ರಲ್ಲಿದ್ದರೆ ನೋಂದಣಿ, ದಿನಾಂಕ, ವರದಿ ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕು, ಸರಕಾರಿ ಪ್ರೈಮರಿಯ ಮುಖ್ಯೋಪಾಧ್ಯಾಯರಿಗೆ ಅಂಥ ವರದಿ ಬರೆದು ಅಭ್ಯಾಸವಿಲ್ಲದಿರಬಹುದು. ಫ್ರೆಂಚ್ ಮತ್ತು ಲ್ಯಾಟಿನ್‌ನಲ್ಲಿ ಹಿಂದುಳಿದಿರುತ್ತಾನೆ, ಆದರೆ ತಡವಾಗಿ ಬರುವವರಿಗೆ ಬೇರೆ ಗುಂಪು ಇದೆಯೇ ಎಂದು ಕೇಳಿ ಸೇರಿಸಿ. ಶಾಲೆ ನೋಡಲು ಮತ್ತೆ ಹೋದಾಗ ಈಜುಕೊಳವನ್ನು ಬಿಟ್ಟು, ಕಳೆದ ವರ್ಷ ಇಯರ್ 8 ಮುಗಿಸಿದವರು ಯಾವ ಯಾವ ಶಾಲೆಗೆ ಹೋದರು, ಇಯರ್ 6ರ ಕೊನೆಗೆ ಎಷ್ಟು ಜನ ಬಿಟ್ಟುಹೋದರು ಎಂದು ಕೇಳಿ. ಅರ್ಧ ತರಗತಿ 11ಕ್ಕೆ ಖಾಲಿಯಾಗುವ ಶಾಲೆಯಲ್ಲಿ ಇಯರ್ 7, 8 ಹೆಸರಿಗೆ ಮಾತ್ರ ನಡೆಯುತ್ತಿರುತ್ತವೆ.

ಹಾಸನದವರು

ಶನಿವಾರದ ಮಾತಿಗೆ ನಾನು ಉತ್ತರಿಸುತ್ತೇನೆ. ನಮ್ಮ ಮಗನದೂ ಹಾಗೆಯೇ ಆಯಿತು. ಕನ್ನಡ ತರಗತಿಯ ಮೇಡಂ ಅವರನ್ನು ಕೇಳಿದಾಗ ಭಾನುವಾರ ಬೆಳಿಗ್ಗೆ ಆನ್‌ಲೈನ್‌ನಲ್ಲಿ ಇನ್ನೊಂದು ಗುಂಪು ನಡೆಯುತ್ತಿರುವುದು ತಿಳಿಯಿತು, ಅಲ್ಲಿಗೆ ಬದಲಾಯಿಸಿಕೊಂಡೆವು. ನಿಮ್ಮ ಊರಿನ ತರಗತಿಯಲ್ಲಿ ಅಂಥದ್ದಿಲ್ಲದಿದ್ದರೆ ನನಗೆ ಸಂದೇಶ ಕಳುಹಿಸಿ, ಅವರನ್ನು ವಿಚಾರಿಸಿ ಹೇಳುತ್ತೇನೆ.